ಸಬ್ಬತ್ ದಿನದ ಸ್ವಿಚ್ಚು

ಯೆಹೂದಿ ಧರ್ಮಶಾಸ್ತ್ರದ ಮಿಶ್ನಾ ಗ್ರಂಥ ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನಲ್ಲಿ ಮಾಡಬಾರದೆಂದು ಎಣಿಸುವ ಕೆಲಸಗಳು 39. ಬೆಂಕಿ ಹೊತ್ತಿಸುವುದು, ಕಟ್ಟುವುದು ಅದರಲ್ಲಿವೆ, ವಿದ್ಯುತ್ತಿನ ಪ್ರಸ್ತಾಪವಿಲ್ಲ. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಸ್ವಿಚ್ಚು ಒತ್ತಿದರೆ ಇವುಗಳಲ್ಲಿ ಯಾವ ಕೆಲಸ ಮಾಡಿದಂತಾಯಿತು? ಕಾದು ಬೆಳಗುವ ತಂತಿಯ ದೀಪವನ್ನು ಬಹುಪಾಲು ಪಂಡಿತರು ಬೆಂಕಿಯೆಂದೇ ತೀರ್ಮಾನಿಸಿದರು. ಬೆಂಕಿಯೇ ಇಲ್ಲದ ಮೈಕು ಮತ್ತು ಶ್ರವಣಸಾಧನಗಳಲ್ಲಿ ಪ್ರಶ್ನೆ ಬಿಗಿಯಾಯಿತು.

ಹಜೋನ್ ಈಶ್ ಎಂದು ಹೆಸರಾದ ಅವ್ರಹಾಮ್ ಯೆಶಾಯ ಕರೆಲಿಟ್ಸ್ (1878–1953) ವಿದ್ಯುನ್ಮಂಡಲವನ್ನು ಪೂರ್ಣಗೊಳಿಸುವುದೇ ಕಟ್ಟುವ ಕೆಲಸವೆಂದರು: ನಿರ್ಜೀವವಾಗಿದ್ದ ತಂತಿಗೆ ಅದರಿಂದ ಜೀವ ಬರುತ್ತದೆ. ಜೆರುಸಲೇಮಿನ ಶ್ಲೋಮೊ ಜಲ್ಮನ್ ಆವರ್‌ಬಾಖ್ (1910–1995) ಇದನ್ನು ಒಪ್ಪಲಿಲ್ಲ. ಪದೇ ಪದೇ ತೆರೆದು ಮುಚ್ಚಲೆಂದೇ ಇರುವ ಬಾಗಿಲನ್ನು ಮುಚ್ಚಿದವನು ಮನೆ ಕಟ್ಟಿದಂತಾಗುವುದಿಲ್ಲ ಎಂಬುದು ಅವರ ವಾದ. ಆದರೂ ರೂಢಿಯಾಗಿ ಬಂದ ನಿಷೇಧವನ್ನು ಅವರು ಸಡಿಲಿಸಲಿಲ್ಲ.

ಧ್ವನಿಸಂಕೇತವನ್ನು ರಿಲೇ ಎಂಬ ಸ್ವಿಚ್ಚಿನಿಂದ ಹಾಯಿಸುವಾಗ ಈ ಚರ್ಚೆ ಕಣ್ಣಿಗೆ ಕಾಣುವಂತಿರುತ್ತದೆ. ಸುರುಳಿಗೆ ವಿದ್ಯುತ್ ಹರಿದಾಗ ಲೋಹದ ಪಟ್ಟಿ ಸೆಳೆಯಲ್ಪಟ್ಟು ಎರಡು ತುದಿಗಳು ಕೂಡುತ್ತವೆ. ಬಿಟ್ಟಾಗ ನಡುವೆ ಗಾಳಿಯ ಅಂತರ. ಕೂಡಿದಾಗಿನ ರೋಧ ಓಮಿನ ಸಣ್ಣ ಪಾಲು ಮಾತ್ರ. ಧ್ವನಿಯ ಶುದ್ಧತೆಗೆ ರಿಲೇಯನ್ನು ಮೆಚ್ಚುವುದು ಇದಕ್ಕೇ.

ಅರೆವಾಹಕದ ಸ್ವಿಚ್ಚಿನಲ್ಲಿ ಯಾವುದೂ ಕದಲುವುದಿಲ್ಲ. 4066 ಚಿಪ್ಪಿನಂಥದರಲ್ಲಿ ದ್ವಾರದ ವೋಲ್ಟೇಜು ಸಿಲಿಕಾನಿನೊಳಗೆ ಒಂದು ವಾಹಕ ಹಾದಿಯನ್ನು ಮೂಡಿಸುತ್ತದೆ, ಅಳಿಸುತ್ತದೆ. ಮೂಡಿದಾಗಲೂ ನೂರಾರು ಓಮಿನವರೆಗೆ ರೋಧ ಉಳಿದಿರುತ್ತದೆ. ಅದು ಸಂಕೇತದ ಏರಿಳಿತದೊಂದಿಗೆ ಬದಲಾಗುವುದರಿಂದ ಧ್ವನಿ ತುಸು ವಿರೂಪಗೊಳ್ಳುತ್ತದೆ. ಅಳಿದಾಗಲೂ ಅತ್ಯಲ್ಪ ಪ್ರವಾಹ ಸೋರುತ್ತಲೇ ಇರುತ್ತದೆ. ಇಲ್ಲಿ ಮಂಡಲ ಪೂರ್ತಿ ತೆರೆದದ್ದೂ ಇಲ್ಲ, ಪೂರ್ತಿ ಮುಚ್ಚಿದ್ದೂ ಇಲ್ಲ. ಇರುವುದು ಹೆಚ್ಚು ರೋಧ, ಕಡಿಮೆ ರೋಧ ಮಾತ್ರ. ಹಾಗಾದರೆ ಕಟ್ಟಿದ್ದು ಏನನ್ನು?

ಏನನ್ನೂ ಕಟ್ಟಿಲ್ಲ ಎಂದು ಮುಗಿಸಿಬಿಡುವುದು ಅವಸರದ ಮಾತು. ಟ್ರಾನ್ಸಿಸ್ಟರು ಹುಟ್ಟಿದ್ದು 1947ರಲ್ಲಿ. ಕರೆಲಿಟ್ಸ್ ಅವರ ಮುಂದಿದ್ದದ್ದು ಲೋಹದ ಸ್ವಿಚ್ಚು ನಿಜ. ಆದರೆ ಅವರ ವಾದ ನಿಂತಿರುವುದು ಲೋಹಗಳು ತಾಗುವುದರ ಮೇಲಲ್ಲ, ನಿಷ್ಕ್ರಿಯವಾದದ್ದು ಸಕ್ರಿಯವಾಗುವುದರ ಮೇಲೆ. ಸಿಲಿಕಾನಿನಲ್ಲಿ ಹಾದಿ ಮೂಡುವುದಕ್ಕೂ ಅದು ಅನ್ವಯಿಸಬಲ್ಲದು. ಆವರ್‌ಬಾಖ್ ಅವರ ವಾದವೂ ಉಪಕರಣ ಬದಲಾದರೆ ಕುಸಿಯುವುದಿಲ್ಲ. ಎರಡರಲ್ಲಿ ಹೆಚ್ಚು ಗಟ್ಟಿಯಾದದ್ದು ಇದೇ: ಅದು ನೋಡುವುದು ಒಳಗಿನ ಭೌತಕ್ರಿಯೆಯನ್ನಲ್ಲ, ಮನುಷ್ಯ ಆ ವಸ್ತುವನ್ನು ಬಳಸುವ ಬಗೆಯನ್ನು.

ಹರಿಯುತ್ತಿರುವ ಪ್ರವಾಹದ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡುವುದು ಮಂಡಲ ಮುಚ್ಚುವುದಕ್ಕೆ ಸಮವಲ್ಲ ಎಂಬ ವಿವೇಚನೆ ಬಹಳ ಜನಕ್ಕೆ ನೆರವಾಗಿದೆ. ಸಬ್ಬತ್ತಿಗೆ ಮೊದಲೇ ಚಾಲೂ ಮಾಡಿಟ್ಟ ಶ್ರವಣಸಾಧನವನ್ನು ಧರಿಸಲು, ಧರಿಸಿದವರೊಡನೆ ಮಾತಾಡಲು ವ್ಯಾಪಕ ಅನುಮತಿಯಿದೆ. ಆದರೆ ಆರ್ಥಡಾಕ್ಸ್ ಪಂಥದ ಬಹುತೇಕ ಪ್ರಾರ್ಥನಾ ಮಂದಿರಗಳಲ್ಲಿ ಆ ದಿನ ಮೈಕು ಬಳಸುವುದಿಲ್ಲ.