ಒಪ್ಪಿಕೊಂಡರೆ ನಿರೀಕ್ಷೆ ಬಿಟ್ಟ ಹಾಗಾ?

ಇವತ್ತು ಒಂದು ಕಷ್ಟದ ಪ್ರಶ್ನೆ. ಆಟಿಸಂ ಇರುವ ಮಗುವಿನ ತಂದೆತಾಯಿ "ಬದಲಾಗ್ತಾನೆ" ಅಂತ ನಿರೀಕ್ಷೆ ಇಟ್ಟುಕೊಳ್ಳಬೇಕಾ, ಇಲ್ಲ "ಇವನು ಹೀಗೇ" ಅಂತ ಒಪ್ಪಿಕೊಳ್ಳಬೇಕಾ?

ಸಾಲಿಗ್ರಾಮದಲ್ಲಿ ನನಗೆ ಗೊತ್ತಿರುವ ಒಂದು ಮನೆಯಲ್ಲಿ ಇದೇ ಜಗಳ. ಹುಡುಗನಿಗೆ ಆರು ವರ್ಷ, ಇನ್ನೂ ಮಾತಿಲ್ಲ. ತಂದೆ ಪ್ರತಿ ಉಪವಾಸ ಪ್ರಾರ್ಥನೆಗೂ ಅವನನ್ನು ಕರೆದುಕೊಂಡು ಬರ್ತಾರೆ. "ಒಪ್ಪಿಕೊಂಡ್ರೆ ಅದು ಅವಿಶ್ವಾಸ ಅಲ್ವಾ ಪಾಸ್ಟರ್?" ಅಂತ ಕೇಳ್ತಾರೆ. ತಾಯಿ ಹೇಳಿದ್ದು ಬೇರೆ: "ಇವರು ಮಾತಾಡೋ ಮಗನಿಗೆ ಕಾಯ್ತಿದ್ದಾರೆ. ಮಾತಾಡದ ಮಗ ಪಕ್ಕದಲ್ಲೇ ಕೂತಿದ್ದಾನೆ. ಅವನನ್ನ ನೋಡೋರು ಯಾರು?"

ನಾನೇನು ಮಾಡಿದೆ? ಮೈಕ್ ಹಿಡಿದು, ಅವನ ತಲೆ ಮೇಲೆ ಕೈಯಿಟ್ಟು ಜೋರಾಗಿ ಪ್ರಾರ್ಥಿಸಿದೆ. ಹುಡುಗ ಎರಡೂ ಕಿವಿ ಮುಚ್ಚಿಕೊಂಡು ನೆಲಕ್ಕೆ ಕುಸಿದ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಜೋರು ಶಬ್ದ ನೋವಿನ ಹಾಗೆ ತಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಆ ಮಗುವನ್ನು ನಾನು ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ.

ಈ ವಾದ ನಮ್ಮೂರಿನದು ಮಾತ್ರ ಅಲ್ಲ. 1993ರಲ್ಲಿ ಕ್ಯಾಥರೀನ್ ಮೌರಿಸ್ ಎಂಬ ತಾಯಿ ತನ್ನ ಇಬ್ಬರು ಮಕ್ಕಳು ಸತತ ತರಬೇತಿಯಿಂದ ಆಟಿಸಂನಿಂದ ಹೊರಬಂದರು ಅಂತ ಪುಸ್ತಕ ಬರೆದರು. ಎಷ್ಟೋ ಮನೆಗಳು ಅದರಿಂದ ಧೈರ್ಯ ತಂದುಕೊಂಡವು. ಅದೇ ವರ್ಷ ಟೊರಾಂಟೊ ಸಮ್ಮೇಳನದಲ್ಲಿ, ಸ್ವತಃ ಆಟಿಸಂ ಇರುವ ಜಿಮ್ ಸಿಂಕ್ಲೇರ್ ತಂದೆತಾಯಂದಿರಿಗೆ ಬೇರೆ ಮಾತು ಹೇಳಿದರು. ನೀವು ದುಃಖಪಡುತ್ತಿರುವುದು ನೀವು ಕನಸು ಕಂಡ ಮಗುವಿಗಾಗಿ. ನಾವು ಇಲ್ಲೇ ಇದ್ದೇವೆ, ನಮಗಾಗಿ ಅಳಬೇಡಿ ಅನ್ನುವುದು ಅದರ ತಾತ್ಪರ್ಯ.

ಇಬ್ಬರಲ್ಲಿ ಯಾರು ಸರಿ? ನನ್ನ ಪರೀಕ್ಷೆ ಇದು: ನಾಳೆ ಏನೂ ಬದಲಾಗದಿದ್ದರೂ ಈ ಮಗು ನಿಮಗೆ ಸಾಕಾ? ಸಾಕು ಅನ್ನುವವರ ನಿರೀಕ್ಷೆ ಮಗುವಿಗೆ ಭಾರವಾಗುವುದಿಲ್ಲ. ಸಾಲದು ಅಂದರೆ, ನಮ್ಮ ಪ್ರಾರ್ಥನೆ ಕೂಡ ಅವನ ಕಿವಿಗೆ "ನೀನು ಬೇಡ, ಬೇರೆಯವನು ಬೇಕು" ಅಂತಲೇ ಕೇಳಿಸುತ್ತದೆ.

ಹಾಗಂತ ಒಪ್ಪಿಕೊಳ್ಳೋದು ಕೈಕಟ್ಟಿ ಕೂರೋದಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಇಂಥ ಮಕ್ಕಳನ್ನು ಪರೀಕ್ಷಿಸಿ ತರಬೇತಿ ಕೊಡುತ್ತಾರೆ, ಮನೆಯಲ್ಲಿ ಹೇಗೆ ಕಲಿಸಬೇಕು ಅಂತ ತಾಯಂದಿರಿಗೂ ಹೇಳಿಕೊಡುತ್ತಾರೆ. ಬಾಯಿಮಾತು ಬರದ ಮಗು ಚಿತ್ರ ತೋರಿಸಿ ನೀರು ಕೇಳಿದರೆ ಅದೂ ಮಾತೇ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಆಟಿಸಂ ಸೇರಿದೆ. ಸರ್ಟಿಫಿಕೇಟ್ ಮಾಡಿಸೋದು ಅವಿಶ್ವಾಸ ಅಲ್ಲ ಪ್ರಿಯರೇ.

"ಯಾರ ಪಾಪ?" ಅಂತ ಕೇಳುವವರು ಯೋಹಾನ 9ನೇ ಅಧ್ಯಾಯ ಓದಿ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಅದನ್ನೇ ಕೇಳಿದರು. ಅವನದ್ದೂ ಅಲ್ಲ, ತಂದೆತಾಯಿಯದ್ದೂ ಅಲ್ಲ ಅಂದರು ಯೇಸು.

ಆ ಗಂಡಹೆಂಡತಿ ಇನ್ನೂ ಒಂದೇ ಅಭಿಪ್ರಾಯಕ್ಕೆ ಬಂದಿಲ್ಲ. ಆದರೆ ಈಗ ಇಬ್ಬರೂ ಸೇರಿ ಮಗನ ಜೊತೆ ಮೈಸೂರು ಬಸ್ಸು ಹತ್ತುತ್ತಾರೆ. ಸಭೆಯಲ್ಲಿ ಅವನು ಬಂದ ದಿನ ನಾವು ಸ್ಪೀಕರ್ ತಗ್ಗಿಸುತ್ತೇವೆ, ನಾನು ಮೈಕ್ ಇಲ್ಲದೆ, ಅವನ ಪಕ್ಕ ನೆಲದ ಮೇಲೆ ಕೂತು ಪ್ರಾರ್ಥಿಸುತ್ತೇನೆ. ನಿಮ್ಮ ಸಭೆಯಲ್ಲೂ ಅಂಥ ಮಗು ಇದ್ದರೆ ಮುಂದಿನ ಭಾನುವಾರ ಅವನ ಪಕ್ಕ ಕೂತುಕೊಳ್ಳಿ. ಆಮೆನ್.