ಹಿಟ್ಟಿನ ಹುಂಜ, ಎಲುಬಿನ ಸೈನ್ಯ

ಕೊಪ್ಪಳದಲ್ಲಿಯೋ ಗಂಗಾವತಿಯಲ್ಲಿಯೋ ಇರಬಹುದಾದ ಒಂದು ಶ್ರಾವಕ ಮನೆಯನ್ನು ಊಹಿಸಿಕೊಳ್ಳೋಣ. ಚಾತುರ್ಮಾಸದ ದಿನಗಳು. ಸೂರ್ಯಾಸ್ತಕ್ಕೆ ಮುನ್ನವೇ ಊಟ ಮುಗಿದಿದೆ. ನೀರು ಸೋಸಿದ ಬಟ್ಟೆಯನ್ನು ಹರವಿ ಒಣಗಲು ಬಿಟ್ಟಿದ್ದಾರೆ. ಪಡಸಾಲೆಯ ದೀಪಕ್ಕೆ ಹುಳುಗಳು ಮುತ್ತುತ್ತಿವೆಯೆಂದು ದೀಪವನ್ನು ಆರಿಸಿದವನು ಆ ಮನೆಯ ಹೈಸ್ಕೂಲು ಹುಡುಗ. ಅದೇ ಹುಡುಗ ಈಗ ಒಳಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಎಲುಬುಗೂಡುಗಳ ಸೈನ್ಯವೊಂದನ್ನು ಶತ್ರುಕೋಟೆಯ ಕಡೆಗೆ ನಡೆಸುತ್ತಿದ್ದಾನೆ. ಅಜ್ಜ ಬಾಗಿಲಲ್ಲಿ ನಿಂತು ನೋಡುತ್ತಾರೆ. "ಇದೇನಪ್ಪಾ, ಹಿಂಸೆ?" ಎಂದು ಕೇಳುತ್ತಾರೆ. "ಅಜ್ಜಾ, ಇದರಾಗ ಜೀವ ಎಲ್ಲಿ ಐತಿ?" ಎಂದು ಹುಡುಗ ಮರುಪ್ರಶ್ನೆ ಹಾಕುತ್ತಾನೆ.

ಹುಡುಗನ ಪ್ರಶ್ನೆಯನ್ನು ಉದ್ಧಟತನವೆಂದು ತಳ್ಳಿಹಾಕುವಂತಿಲ್ಲ. ಜೀವ ಮತ್ತು ಅಜೀವಗಳ ವಿವೇಚನೆಯಿಂದಲೇ ಆರಂಭವಾಗುವ ದರ್ಶನದಲ್ಲಿ ಬೆಳೆದವನು ಕೇಳಬೇಕಾದ ಪ್ರಶ್ನೆಯನ್ನೇ ಅವನು ಕೇಳಿದ್ದಾನೆ.

ಮೊದಲು ಆಟದ ಸ್ವರೂಪವನ್ನು ತಿಳಿಯುವುದು ಅಗತ್ಯ. ನೋಡದೆಯೇ ಖಂಡಿಸುವುದು ಹಿರಿಯರಿಗೆ ಸುಲಭವಾದರೂ ಅದು ನ್ಯಾಯವಲ್ಲ. 1999ರಲ್ಲಿ ಅಮೆರಿಕದ ನ್ಯೂ ವರ್ಲ್ಡ್ ಕಂಪ್ಯೂಟಿಂಗ್ ಸಂಸ್ಥೆ ರೂಪಿಸಿದ 'ಹೀರೋಸ್ ಆಫ್ ಮೈಟ್ ಆ್ಯಂಡ್ ಮ್ಯಾಜಿಕ್' ಮಾಲೆಯ ಮೂರನೆಯ ಆಟ ಈ ಬಗೆಯದು. ಚದುರಂಗದಂತೆ ಇದೂ ಸರದಿಯ ಆಟ. ಒಬ್ಬನು ನಡೆಸಿದ ಮೇಲೆ ಇನ್ನೊಬ್ಬನು ನಡೆಸಬೇಕು. ಕೈಚಳಕಕ್ಕಿಂತ ಯೋಚನೆಗೆ ಹೆಚ್ಚಿನ ಅವಕಾಶವಿದೆ. ಅದರಲ್ಲಿ ಆಟಗಾರನು ಆಯ್ದುಕೊಳ್ಳಬಹುದಾದ ನಗರಗಳಲ್ಲಿ ಒಂದು ಮೃತರ ನಗರ. ಅದರ ನಾಯಕನು ನೆಕ್ರೊಮ್ಯಾನ್ಸರ್, ಅಂದರೆ ಶವಮಾಂತ್ರಿಕ. ಯುದ್ಧ ಗೆದ್ದ ಮೇಲೆ ಅವನು ಹತರಾದ ಶತ್ರುಗಳಲ್ಲಿ ಒಂದು ಪಾಲನ್ನು ಎಲುಬುಗೂಡುಗಳಾಗಿ ಎಬ್ಬಿಸಿ ತನ್ನ ಸೈನ್ಯಕ್ಕೆ ಸೇರಿಸಿಕೊಳ್ಳುತ್ತಾನೆ. ವಿದ್ಯೆಯ ಮೊದಲ ಹಂತದಲ್ಲಿ ಈ ಪಾಲು ನೂರಕ್ಕೆ 10. ಪರಿಣತಿ ಬೆಳೆದಂತೆ 20, ಆಮೇಲೆ 30. ಆ ನಗರದಲ್ಲಿ ಇನ್ನೊಂದು ಕಟ್ಟಡವನ್ನೂ ಕಟ್ಟಬಹುದು. ತನ್ನದೇ ಪಕ್ಷದ ಜೀವಂತ ಯೋಧರನ್ನು ಅದರೊಳಗೆ ಕಳುಹಿಸಿದರೆ ಅವರು ಎಲುಬುಗೂಡುಗಳಾಗಿ ಹೊರಬರುತ್ತಾರೆ. ಸತ್ತವರ ಸೈನ್ಯಕ್ಕೆ ಹುರುಪೂ ಇಲ್ಲ, ಅಂಜಿಕೆಯೂ ಇಲ್ಲ. ಆದರೆ ಅವರ ನಡುವೆ ಜೀವಂತ ಯೋಧರನ್ನು ಬೆರೆಸಿದರೆ ಆ ಜೀವಂತರ ಉತ್ಸಾಹ ಕುಗ್ಗುತ್ತದೆ. ಇದು ಆಟದ ನಿಯಮ. ನಿಯಮ ಬರೆದವನು ಮನುಷ್ಯಸ್ವಭಾವವನ್ನು ಬಲ್ಲವನೇ ಇರಬೇಕು. 2020ರಲ್ಲಿ ಬಂದ 'ಇರೇಟಸ್' ಎಂಬ ಆಟವಂತೂ ಹತರ ಅಂಗಾಂಗಗಳನ್ನು ಕೂಡಿಸಿ ಸೇವಕರನ್ನು ಜೋಡಿಸುವ ಕೆಲಸವನ್ನೇ ಆಟಗಾರನಿಗೆ ಒಪ್ಪಿಸುತ್ತದೆ.

ಸಿದ್ಧಾಂತದ ದೃಷ್ಟಿಯಿಂದ ಇಂತಹ ಸೈನ್ಯ ಅಸಂಭವವೆಂಬುದು ಸ್ಪಷ್ಟ. ಆಯುಕರ್ಮ ತೀರಿದ ಕ್ಷಣವೇ ಜೀವವು ದೇಹವನ್ನು ಬಿಡುತ್ತದೆ. ವಿಗ್ರಹಗತಿಯಲ್ಲಿ ಸಾಗಿ, ನಾಲ್ಕನೆಯ ಸಮಯಕ್ಕೆ ಮುನ್ನವೇ ಹೊಸ ಜನ್ಮಸ್ಥಾನವನ್ನು ಸೇರುತ್ತದೆ. ಕಣ್ಣೆವೆ ಇಕ್ಕುವಷ್ಟು ಹೊತ್ತಿನಲ್ಲೇ ಎಣಿಕೆಗೆ ಮೀರಿದ ಸಮಯಗಳು ಕಳೆದುಹೋಗುತ್ತವೆ. ಆದುದರಿಂದ ಹೆಣದ ಬಳಿ ಕರೆಸಿಕೊಳ್ಳಲು ಯಾರೂ ಉಳಿದಿರುವುದಿಲ್ಲ. ಉಳಿದಿರುವುದು ಪುದ್ಗಲ ಮಾತ್ರ. ಹಾಗಿದ್ದರೆ ಹುಡುಗನು ಗೆದ್ದಂತಾಯಿತಲ್ಲವೇ? ತೆರೆಯ ಮೇಲಿನ ಎಲುಬುಗೂಡು ಅಜೀವ. ಅದು ಕೊಲ್ಲುವ ಶತ್ರುವೂ ಬೆಳಕಿನ ಚಿತ್ರ. ಎಲ್ಲಿಯೂ ಪ್ರಾಣಹಾನಿ ಆಗಿಲ್ಲ.

ಕನ್ನಡ ಜೈನ ಸಾಹಿತ್ಯಕ್ಕೆ ಈ ಮಾತು ಹೊಸದಲ್ಲ. ಜನ್ನನ 'ಯಶೋಧರಚರಿತೆ' (ಕ್ರಿ.ಶ. 1209) ನಿಂತಿರುವುದೇ ಇದರ ಮೇಲೆ. ಉಜ್ಜಯಿನಿಯ ಅರಸ ಯಶೋಧರನು ರಾಣಿ ಅಮೃತಮತಿಯ ಜಾರತನವನ್ನು ಕಣ್ಣಾರೆ ಕಂಡು ಮನಸ್ಸು ಮುರಿದುಕೊಂಡಿದ್ದಾನೆ. ಕೆಟ್ಟ ಕನಸು ಕಂಡೆನೆಂದು ತಾಯಿ ಚಂದ್ರಮತಿಗೆ ನೆವ ಹೇಳುತ್ತಾನೆ. ದೇವಿಗೆ ಬಲಿ ಕೊಟ್ಟು ಶಾಂತಿ ಮಾಡಿಸೆಂದು ತಾಯಿ ಹಟ ಹಿಡಿಯುತ್ತಾಳೆ. ಜೀವಹಿಂಸೆಗೆ ಅವನು ಒಪ್ಪುವುದಿಲ್ಲ. ಕೊನೆಗೆ ಇಬ್ಬರೂ ನಡುದಾರಿಯೊಂದನ್ನು ಹಿಡಿಯುತ್ತಾರೆ: ಹಿಟ್ಟಿನ ಹುಂಜ. ಅದರಲ್ಲಿ ಜೀವವಿಲ್ಲ. ಆದರೆ ಕತ್ತಿ ಬಿದ್ದಾಗ ಆ ಹಿಟ್ಟಿನ ಹುಂಜ ಕೂಗುತ್ತದೆ. ಅದರ ಫಲವಾಗಿ ತಾಯಿಮಗ ನವಿಲು, ನಾಯಿ ಮೊದಲಾದ ತಿರ್ಯಗ್ಜನ್ಮಗಳಲ್ಲಿ ತೊಳಲಿ, ಕಡೆಗೆ ಕೋಳಿಗಳಾಗಿಯೇ ಹುಟ್ಟಿ ಸಾಯುತ್ತಾರೆ. ಆ ಮೇಲೆ ಅಭಯರುಚಿ, ಅಭಯಮತಿ ಎಂಬ ಅಣ್ಣತಂಗಿಯರಾಗಿ ಹುಟ್ಟಿ ಮಾರಿದತ್ತನ ಬಲಿಪೀಠದ ಮುಂದೆ ತಮ್ಮ ಕಥೆಯನ್ನು ಹೇಳುವಂತಾಗುತ್ತದೆ.

ಸೋಮದೇವಸೂರಿಯು ಇದೇ ಕಥೆಯನ್ನು ಕ್ರಿ.ಶ. 959ರಲ್ಲಿ ಮುಗಿಸಿದ 'ಯಶಸ್ತಿಲಕ ಚಂಪೂ'ವಿನಲ್ಲಿ ಸಂಸ್ಕೃತದಲ್ಲಿ ಹೇಳಿದ್ದಾನೆ. (ಬೇತಾಳನ ಕಥೆಗಳಿರುವ 'ಕಥಾಸರಿತ್ಸಾಗರ'ದ ಸೋಮದೇವ ಬೇರೆಯವನು, ಕಾಶ್ಮೀರದವನು, ಹೆಸರೊಂದೇ ಎಂದು ಅನೇಕರು ಬೆರೆಸುವುದುಂಟು.) ಅಲ್ಲಿ ಮಾರಿದತ್ತನಿಗೆ ವೀರಭೈರವನೆಂಬ ಕೌಲಗುರುವೊಬ್ಬನು ಉಪದೇಶ ಕೊಡುತ್ತಾನೆ: ಎಲ್ಲ ಜಾತಿಯ ಪ್ರಾಣಿಗಳ ಜೋಡಿಗಳನ್ನೂ ಮನುಷ್ಯರ ಜೋಡಿಯೊಂದನ್ನೂ ಬಲಿ ಕೊಟ್ಟರೆ ವಿದ್ಯಾಧರರನ್ನು ಗೆಲ್ಲುವ ಖಡ್ಗ ಸಿದ್ಧಿಸುತ್ತದೆ. ಪರರ ಮರಣವೇ ತನ್ನ ಬಲವಾಗುವ ಲೆಕ್ಕ. ಇಂದಿನ ಶವಮಾಂತ್ರಿಕನ ವಿದ್ಯೆಯೂ ಇದೇ. ಒಂದು ಕಾಲದಲ್ಲಿ ದೇವಿಯ ಗುಡಿಯಲ್ಲಿ ಮಾಡಿದ ಲೆಕ್ಕ, ಈಗ ತೆರೆಯ ಮೇಲೆ ನೂರಕ್ಕೆ 30ರಂತೆ ನಡೆಯುತ್ತದೆ.

ಆದರೆ ಯಶೋಧರನ ಕಥೆಯನ್ನು ತೋರಿಸಿ ಹುಡುಗನ ಬಾಯಿ ಮುಚ್ಚಿಸುವುದು ಆತುರದ ತೀರ್ಪಾಗುತ್ತದೆ. ಹಿಟ್ಟಿನ ಹುಂಜವನ್ನು ಯಶೋಧರನು ಆಟಿಕೆಯೆಂದು ಕತ್ತರಿಸಲಿಲ್ಲ. ನಿಜವಾದ ಹುಂಜದ ಬದಲಿಗೆ ಅದನ್ನು ಇಟ್ಟ. ಕೊಂದರೆ ಫಲ ದೊರೆಯುತ್ತದೆಂಬ ನಂಬಿಕೆಗೆ ಒಪ್ಪಿಗೆ ಕೊಟ್ಟ. ಅಲ್ಲಿ ಸಂಕಲ್ಪವು ಪೂರ್ಣವಾಗಿತ್ತು, ಜೀವ ಮಾತ್ರ ಇರಲಿಲ್ಲ. ಚದುರಂಗದ ಆನೆಯನ್ನು ಹೊಡೆಯುವವನಿಗೆ ಆನೆ ಸಾಯಲಿ ಎಂಬ ಬಯಕೆ ಇರುವುದಿಲ್ಲ. ಆಟವೆಂದರೇ ಪಾಪವೆಂದು ಜೈನರು ಎಂದೂ ಬಗೆದಿಲ್ಲ. ಹಾವು ಏಣಿಯ ಮೂಲವಾದ ಜ್ಞಾನಚೌಪಡದಲ್ಲಿ 84 ಮನೆಗಳ ಜೈನ ಪಟಗಳೇ ಇವೆ. ಯುದ್ಧವನ್ನು ಚಿತ್ರಿಸುವುದೇ ದೋಷವೆನ್ನುವುದಾದರೆ ಪಂಪ, ರನ್ನರನ್ನೂ ಬಿಡಬೇಕಾದೀತು.

ರನ್ನನ 'ಗದಾಯುದ್ಧ'ವನ್ನು ಈ ಆಟದ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿಯೂ ಹೆಣಗಳ ಬಯಲಿದೆ, ಮರುಳುಗಳಿವೆ. ಭೀಷ್ಮನನ್ನು ಕಾಣಲು ಸಂಜಯನೊಡನೆ ಆ ಬಯಲನ್ನು ದಾಟುವ ದುರ್ಯೋಧನನು ದ್ರೋಣನ, ದುಃಶಾಸನನ, ಕರ್ಣನ ಹೆಣಗಳ ಮುಂದೆ ನಿಲ್ಲುತ್ತಾನೆ, ಅಳುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿನ ಹೆಣದ ಮುಂದೆಯೂ ನಿಂತು ಅವನ ಸಾಹಸವನ್ನು ಕೊಂಡಾಡುತ್ತಾನೆ. ಓದುಗನು ಆ ಬಯಲಿನಿಂದ ಹೊರಬರುವಾಗ ಸಾವಿನ ಭಾರವನ್ನು ಹೊತ್ತು ಬರುತ್ತಾನೆ. ಎಲುಬುಗೂಡಿನ ಆಟದಲ್ಲಿ ಹೆಣದ ಮುಂದೆ ನಿಲ್ಲುವ ಕ್ಷಣವೇ ಇಲ್ಲ. ಸತ್ತವನು ಯಾರೆಂಬ ಪ್ರಶ್ನೆ ಏಳುವ ಮೊದಲೇ ಅವನು ಒಂದು ಅಂಕೆಯಾಗಿ ಆಟಗಾರನ ಖಾತೆಗೆ ಜಮೆಯಾಗಿರುತ್ತಾನೆ. ಹೆಚ್ಚು ಜನ ಸತ್ತಷ್ಟೂ ಒಳ್ಳೆಯದು. ಬೇರೆ ಯುದ್ಧದ ಆಟಗಳಲ್ಲಿ ಶತ್ರುವು ಶರಣಾದರೂ ಸಂತೋಷವಾಗಬಹುದು. ಇಲ್ಲಿ ಓಡಿಹೋದ ಶತ್ರುವೆಂದರೆ ಕೈತಪ್ಪಿದ ಲಾಭ.

ಆಚಾರ್ಯರು ರೌದ್ರಧ್ಯಾನದ ನಾಲ್ಕು ಬಗೆಗಳಲ್ಲಿ ಮೊದಲನೆಯದಾಗಿ ಹೇಳಿದ ಹಿಂಸಾನಂದದ ಬಾಗಿಲು ಇಲ್ಲಿ ಕಾಣುತ್ತದೆ. ಅದು ಹಿಂಸೆ ಮಾಡುವುದಲ್ಲ, ಹಿಂಸೆಯಲ್ಲಿ ಸಂತೋಷಪಡುವುದು. ಅಣುವ್ರತಿಯಾದ ಶ್ರಾವಕನಿಗೂ ಇದು ತಗಲಬಹುದೆಂದು 'ತತ್ತ್ವಾರ್ಥಸೂತ್ರ' ಎಚ್ಚರಿಸುತ್ತದೆ. ಸಮಂತಭದ್ರಾಚಾರ್ಯರು ಅನರ್ಥದಂಡಗಳ ಸಾಲಿನಲ್ಲಿ ಅಪಧ್ಯಾನವನ್ನು ಸೇರಿಸಿರುವುದೂ ಇದಕ್ಕಾಗಿಯೇ. ಅಮೃತಚಂದ್ರಸೂರಿಗಳ ಪ್ರಕಾರ ರಾಗಾದಿ ಭಾವಗಳು ಹುಟ್ಟುವುದೇ ಹಿಂಸೆ. ಎದುರಿನ ಜೀವ ಸಾಯಲಿ, ಸಾಯದಿರಲಿ. ಮಹಾಮತ್ಸ್ಯದ ಕಿವಿಯಲ್ಲಿದ್ದ ತಂದುಲಮತ್ಸ್ಯ ಒಂದು ಮೀನನ್ನೂ ತಿನ್ನಲಿಲ್ಲ. ಇಷ್ಟು ದೊಡ್ಡ ಬಾಯಿ ತನಗಿದ್ದಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲವೆಂದು ಎಣಿಸುತ್ತಲೇ ಏಳನೆಯ ನರಕಕ್ಕೆ ಹೋಯಿತು.

ಆದ್ದರಿಂದ ಹುಡುಗನಿಗೆ ಕೇಳಬೇಕಾದದ್ದು "ಯಾರು ಸತ್ತರು?" ಎಂದಲ್ಲ, "ಎಲುಬುಗೂಡುಗಳ ಸಂಖ್ಯೆ ಏರಿದಾಗ ನಿನ್ನೊಳಗೆ ಏನಾಯಿತು?" ಎಂದು. ಇದಕ್ಕೆ ಉತ್ತರ ಅವನಿಗೆ ಮಾತ್ರ ಗೊತ್ತು. ಲೆಕ್ಕ ಸರಿಹೊಂದಿದ ಖುಷಿ ಮಾತ್ರ ಆಗಿದ್ದರೆ ಅದು ಗಣಿತದ ಖುಷಿ, ಅಂಜಬೇಕಾದದ್ದಿಲ್ಲ. ತನ್ನ ಜೀವಂತ ಯೋಧರನ್ನು ಆ ಕಟ್ಟಡದೊಳಗೆ ಕಳುಹಿಸುವಾಗ ಅವನ ಕೈ ಒಂದು ಕ್ಷಣ ತಡೆದಿತೇ, ಇಲ್ಲವೇ? ಅಜ್ಜ ಪಕ್ಕದಲ್ಲಿ ಕುಳಿತರೆ ಇದನ್ನು ಕಾಣಬಹುದು, ಬಾಗಿಲಲ್ಲಿ ನಿಂತರೆ ಕಾಣದು. ಪಾಠಶಾಲೆ ನಡೆಸುವ ಬಸದಿಯ ಟ್ರಸ್ಟುಗಳು ಇಂತಹ ಆಟಗಳಿಗೆ ನಿಷೇಧ ಹಾಕಿದರೆ ಮಕ್ಕಳು ಆಡುವುದನ್ನು ಬಿಡಲಾರರು, ಹೇಳುವುದನ್ನು ಬಿಟ್ಟಾರು.

ಆ ಮನೆಯಿಂದ ಪಾಲ್ಕಿಗುಂಡು ಬೆಟ್ಟ ದೂರವಿಲ್ಲ. ರಜೆಯ ದಿನ ಮೊಮ್ಮಗನನ್ನು ಕರೆದುಕೊಂಡು ಹೋಗಬಹುದು. ಅಲ್ಲಿ ಅಶೋಕನ ಕಿರುಶಾಸನವಿದೆ. ಕಳಿಂಗದ ಮಾತು ಈ ಶಾಸನದಲ್ಲಿಲ್ಲ, ಅದು ಹದಿಮೂರನೆಯ ಶಿಲಾಶಾಸನದಲ್ಲಿದೆ. ಆದರೆ ಬರೆಸಿದ ಅರಸನು ಒಬ್ಬನೇ. ಕಳಿಂಗದಲ್ಲಿ ಹತರಾದವರು 1 ಲಕ್ಷ, ಸೆರೆಹೋದವರು 1.5 ಲಕ್ಷ ಎಂದು ಅವನೂ ಸತ್ತವರನ್ನು ಎಣಿಸಿದ, ತನ್ನ ಪಶ್ಚಾತ್ತಾಪದ ಖಾತೆಗೆ ಬರೆದುಕೊಂಡ. ಅದೇ ಬೆಟ್ಟದಲ್ಲಿ 'ವರಾಂಗಚರಿತ'ವನ್ನು ಬರೆದ ಜಟಾಸಿಂಹನಂದ್ಯಾಚಾರ್ಯರ ಪಾದಗಳನ್ನು ಚಾವಯ್ಯನೆಂಬವನು ಕೆತ್ತಿಸಿದ್ದಾನೆ. ಕೊಪಣವು ಮಹಾತೀರ್ಥವೆನಿಸಿದ್ದ ಕಾಲದಲ್ಲಿ ಇಲ್ಲಿ ಆಹಾರವನ್ನೂ ಕಷಾಯಗಳನ್ನೂ ಕೃಶಗೊಳಿಸಿ ದೇಹವನ್ನು ಬಿಟ್ಟವರಿದ್ದರು. ಅವರ ನೆನಪಿನ ಶಾಸನಗಳು ಉಳಿದಿವೆ. ಹೋದವರನ್ನು ಮರಳಿ ಕರೆಯುವ ಮಂತ್ರ ಆ ಕಲ್ಲುಗಳಲ್ಲಿ ಇಲ್ಲ. ಪಾದದ ಗುರುತಿನ ಬಳಿ ಹುಡುಗನು "ಇವರು ಯಾರಜ್ಜಾ?" ಎಂದು ಕೇಳುತ್ತಾನೆ. ಆಟದಲ್ಲಿ ಅವನು ಒಮ್ಮೆಯೂ ಕೇಳದಿದ್ದ ಪ್ರಶ್ನೆ ಅದು.