ಅಂಜುವ ಜೀವಕ್ಕೆ ಆಶ್ರಯ

ಬೀದಿಯಿಂದ ಎತ್ತಿ ತಂದು ಸಲಹಿದ ಸಾಧು ನಾಯಿಯೊಂದಕ್ಕೆ ಬೇರೊಂದು ಮನೆಯನ್ನು ಹುಡುಕಿಕೊಡುವುದು ಧರ್ಮವಿಚಾರಕ್ಕೆ ತಕ್ಕ ವಿಷಯವೇ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಮನುಷ್ಯರಿಗೇ ಸೂರಿಲ್ಲದಿರುವಾಗ ನಾಯಿಗೆ ಮನೆಯೇ ಎಂಬುದು ಅವರ ಆಕ್ಷೇಪ. ಇದು ಹುರುಳಿಲ್ಲದ ಮಾತಲ್ಲ. ಆದರೆ ಹೀಗೆ ಕೇಳುವವರಲ್ಲಿ ಸೂರಿಲ್ಲದ ಮನುಷ್ಯನಿಗೆ ತಮ್ಮ ಜಗಲಿಯನ್ನಾದರೂ ಬಿಟ್ಟುಕೊಟ್ಟವರು ವಿರಳ. ಕಣಜದ ರಾಗಿಯಂತೆ, ಒಬ್ಬರಿಗೆ ಅಳೆದುಕೊಟ್ಟರೆ ಇನ್ನೊಬ್ಬರಿಗೆ ಕಡಮೆಯಾಗುವ ವಸ್ತುವಲ್ಲ ದಯೆ. ಬಸವಣ್ಣನವರು ಧರ್ಮದ ಬೇರನ್ನು ಎಲ್ಲಿ ತೋರಿಸಿದರೆಂಬುದು ಓದುಗರಿಗೆ ಬಾಯಿಪಾಠವಾಗಿರುವುದರಿಂದ ಅದನ್ನಿಲ್ಲಿ ಎತ್ತಿ ಹೇಳಬೇಕಾಗಿಲ್ಲ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಈ ಪ್ರಶ್ನೆಯು ಮನೆಬಾಗಿಲಿಗೇ ಬಂದು ನಿಂತಿದೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆದ ತರುವಾಯ ಸುತ್ತಣ ದ್ರಾಕ್ಷಿತೋಟಗಳೂ ರಾಗಿಯ ಹೊಲಗಳೂ ಒಂದೊಂದಾಗಿ ನಿವೇಶನಗಳಾಗುತ್ತ ಬಂದಿವೆ. ನೆಲ ಮಾರಿದವನು ದನಗಳನ್ನು ಮಾರುತ್ತಾನೆ, ಪಾತ್ರೆಪರಟಿಗಳನ್ನು ಗಾಡಿಗೆ ಹೇರುತ್ತಾನೆ. ತೋಟ ಕಾದ ನಾಯಿಗೆ ಮಾತ್ರ ಬೆಲೆಯೂ ಇಲ್ಲ, ಗಾಡಿಯಲ್ಲಿ ಸ್ಥಳವೂ ಇಲ್ಲ. ನಗರದಿಂದ ಕಾರಿನಲ್ಲಿ ತಂದು ಹೆದ್ದಾರಿಯ ಮಗ್ಗುಲಲ್ಲಿ ಇಳಿಸಿ ಹೋಗುವವರೂ ಉಂಟು. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸಾ ನಿವಾರಣೆಯ ಕಾನೂನಿನ ಪ್ರಕಾರ ಅಪರಾಧವೇ ಸರಿ. ಆದರೆ ಕಾನೂನು ತೊರೆಯಬೇಡವೆನ್ನಬಲ್ಲದು, ಸೇರಿಸಿಕೊ ಎನ್ನಲಾರದು.

2025ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವು ದೆಹಲಿ ಪ್ರಾಂತದ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಗಳಲ್ಲಿಡಬೇಕೆಂದು ಆಜ್ಞಾಪಿಸಿತು. ಅದೇ ತಿಂಗಳ 22ರಂದು ಹೆಚ್ಚು ನ್ಯಾಯಮೂರ್ತಿಗಳ ಪೀಠವು ಅದನ್ನು ಮಾರ್ಪಡಿಸಿ, ರೇಬೀಸ್ ತಗುಲಿದವನ್ನೂ ಮೇಲೆ ಬೀಳುವ ಸ್ವಭಾವದವನ್ನೂ ಉಳಿದು ಮಿಕ್ಕವನ್ನು ಸಂತಾನಹರಣ ಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸಿ ಮೊದಲಿನ ಜಾಗಕ್ಕೇ ಬಿಡಬೇಕೆಂದಿತು. ಬಯಸಿದವರು ದತ್ತು ಪಡೆಯಬಹುದು. ಆ ನಾಯಿ ಮತ್ತೆ ಬೀದಿಗೆ ಬೀಳದಂತೆ ನೋಡುವುದು ಅವರ ಹೊಣೆ ಎಂದೂ ಹೇಳಿತು. ಈ ವಿವಾದದಲ್ಲಿ ಮಗುವನ್ನು ಶಾಲೆಗೆ ಕಳುಹಿಸುವ ತಾಯಿಯ ಭಯವನ್ನು ಹಗುರವಾಗಿ ಕಾಣಬಾರದು. ರೇಬೀಸಿನ ಲಕ್ಷಣಗಳು ತೋರಿದ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ಲಸಿಕೆ ಹಾಕಿಸದೆ ನಾಯಿಯನ್ನು ಪರರ ಮನೆಗೆ ಕೊಡುವವನ ದಯೆ ದಯೆಯೇ ಅಲ್ಲ.

ಪ್ರಕೃತ ವಿಷಯಕ್ಕೆ ಬರೋಣ. ಆಶ್ರಯದಲ್ಲಿ ಎರಡು ನಾಯಿಗಳಿವೆಯೆಂದು ಭಾವಿಸಿರಿ. ಒಂದು ಕಂಡವರ ಬಳಿಗೆಲ್ಲ ಓಡಿಬಂದು ಬಾಲವಾಡಿಸಿ ಕೈ ನೆಕ್ಕುತ್ತದೆ. ಇನ್ನೊಂದು ಹೆಣ್ಣು, ಯಾರನ್ನೂ ಕಚ್ಚದು, ಬೊಗಳದು, ಎಂದೋ ತಿಂದ ಪೆಟ್ಟಿನ ನೆನಪಿನಿಂದ, ಎತ್ತಿದ ಕೈಯನ್ನು ಕಂಡರೆ ಮೂಲೆ ಸೇರುತ್ತದೆ. ಮೊದಲನೆಯದಕ್ಕೆ ಎಂಟು ದಿನಗಳಲ್ಲಿ ಮನೆ ಸಿಕ್ಕುತ್ತದೆ. ಎರಡನೆಯದನ್ನು ನೋಡಿದವರು “ಪಾಪ” ಎಂದು ಹೊರಟುಹೋಗುತ್ತಾರೆ. ಏಕೆ? ನಮ್ಮ ದಯೆಯು ಪ್ರತಿಫಲವನ್ನು ಬೇಡುತ್ತದೆ. ಹಾಕಿದ ತುತ್ತಿಗೆ ಕೂಡಲೇ ಬಾಲದ ರಸೀದಿಯನ್ನು ಕೇಳುವುದು ವ್ಯಾಪಾರ. ಕೊಟ್ಟೆನೆಂಬ ಭಾವವಳಿದಲ್ಲದೆ ದಾಸೋಹವಾಗದೆಂದು ಬಾಯಲ್ಲಿ ಹೇಳುವ ನಾವು, ಕೃತಜ್ಞತೆಯನ್ನು ತೋರಲರಿಯದ ಜೀವದ ಮುಂದೆ ನಿಂತಾಗಲೇ ಆ ಮಾತಿನ ತೂಕವನ್ನು ಅರಿಯುವುದು.

ಪಲ್ಲಕ್ಕಿಯಲ್ಲಿ ಕುಳ್ಳಿರಿಸಿದರೂ ಹಳೆಯ ಗುಣವನ್ನು ಬಿಡದ ನಾಯಿಗೆ ಬಸವಣ್ಣನವರು ಮನಸ್ಸನ್ನು ಹೋಲಿಸಿದ್ದಾರಲ್ಲವೆ ಎಂದು ಯಾರಾದರೂ ಕೇಳಬಹುದು. ಅಲ್ಲಿ ನಿಂದೆಗೊಳಗಾದುದು ವಿಷಯಕ್ಕೆ ಹರಿಯುವ ಮನಸ್ಸೇ ಹೊರತು ನಾಯಿಯಲ್ಲ. ಹಾವಿನಹಾಳ ಕಲ್ಲಯ್ಯನವರು ನಾಯಿಯ ಬಾಯಲ್ಲಿ ವೇದವನ್ನು ಹೇಳಿಸಿದರೆಂಬ ಕಥೆಯನ್ನು ಕಟ್ಟಿದ ಪರಂಪರೆಯೂ ಇದೇ. ಅದಿರಲಿ, ಹಳೆಯ ಗುಣ ಬೇಗ ಬಿಡದೆಂಬುದು ಮಾತ್ರ ಲೋಕಸತ್ಯ. ಅಂಜಿಕೆಯೂ ಹಾಗೆಯೇ. ಮೆತ್ತನೆಯ ಹಾಸಿಗೆ ಹಾಸಿದ ಮಾತ್ರಕ್ಕೆ ಅದು ಮರುದಿನವೇ ಹೋಗದು.

ಆದಕಾರಣ ಮನೆ ಹುಡುಕುವವನು ಮೊದಲು ಸತ್ಯವನ್ನು ಹೇಳಬೇಕು. “ಬಹಳ ಚೂಟಿ, ಎಲ್ಲರೊಡನೆಯೂ ಹೊಂದಿಕೊಳ್ಳುತ್ತದೆ” ಎಂದು ಹೆಣ್ಣು ತೋರಿಸುವ ದಳ್ಳಾಳಿಯಂತೆ ಹೊಗಳಿ ಸಾಗಿಸಿದರೆ ಹದಿನೈದು ದಿನಗಳಲ್ಲಿ ಆ ಜೀವವು ಮರಳಿ ಬೀದಿಯಲ್ಲಿರುತ್ತದೆ. ತೋಟದವನು ಕಾವಲಿಗೆಂದು ಕೇಳಿದರೆ, ಇದು ಕಾವಲಿಗೆ ಒದಗದೆಂದು ತಿಳಿಸಿಬಿಡಬೇಕು. ಸರಪಣಿಯಲ್ಲಿ ರಾತ್ರಿಯೆಲ್ಲ ನಡುಗುವುದಕ್ಕೆ ಕಳುಹಿಸಬಾರದು. ದೊಡ್ಡಬಳ್ಳಾಪುರದಲ್ಲಿ ಮನೆಯೊಳಗೇ ವಿದ್ಯುತ್ ಮಗ್ಗಗಳು ಸದ್ದು ಮಾಡುವ ಕುಟುಂಬವು ಎಷ್ಟೇ ಕರುಣೆಯುಳ್ಳದ್ದಾದರೂ ಈ ನಾಯಿಗೆ ಅದು ಮನೆಯಲ್ಲ. ಅಂಗಳದ ಮೂಲೆಯಲ್ಲಿ ಹೂ ಕಟ್ಟುತ್ತ ಕೂಡುವ ಮುದುಕಿಯೊಬ್ಬಳಿರುವ ಸಣ್ಣ ಹೆಂಚಿನ ಮನೆ ಸಾಕು. ಬಂಗಲೆಗೆ ಮರುಳಾಗುವುದು ನಾವು, ನಾಯಿಯಲ್ಲ.

ಇನ್ನುಳಿದ ಪ್ರಶ್ನೆಯೇ ಕಠಿನವಾದುದು. ಆರು ತಿಂಗಳು ಸಾಕಿದವನ ಕಾಲಬುಡದಲ್ಲಿ ಮಾತ್ರ ಅದು ನಿದ್ದೆಮಾಡಲು ಕಲಿತಿದೆ. ಈಗ ಅದನ್ನು ಕಳುಹಿಸುವುದು ಎರಡನೆಯ ಸಾರಿ ತೊರೆದಂತಾಗದೆ? ನಮಗೆ ತೋರುವಮಟ್ಟಿಗೆ, ಇಟ್ಟುಕೊಳ್ಳಬಲ್ಲವನು ಇಟ್ಟುಕೊಳ್ಳಲಿ. ಆದರೆ ಅವನ ಮನೆಯ ಆ ಒಂದೇ ಮೂಲೆ ಬರಿದಾದಲ್ಲದೆ ಗಾಯಗೊಂಡ ಮತ್ತೊಂದಕ್ಕೆ ಎಡೆಯಿಲ್ಲವಾದರೆ, ಕಳುಹಿಸುವುದು ತೊರೆಯುವುದಲ್ಲ. ತೊರೆಯುವವನು ಹಿಂದಿರುಗಿ ನೋಡುವುದಿಲ್ಲ. ಇವನು ಹೊಂದದಿದ್ದರೆ ಮರಳಿ ಪಡೆಯುವೆನೆಂಬ ವಚನವನ್ನು ಕೊಟ್ಟಿರಬೇಕು. ವಾರಕ್ಕೊಮ್ಮೆ ಹೋಗಿ ಮುದ್ದಿಸಿ ಹೊಸ ಬಾಂಧವ್ಯವನ್ನು ಕೆಡಿಸಲೂ ಬಾರದು. ಅದು ಮಲಗಿದ ಹಳೆಯ ಕಂಬಳಿಯ ತುಂಡನ್ನು ಒಗೆಯದೆ ಜೊತೆಯಲ್ಲಿ ಕೊಟ್ಟು ಕಳುಹಿಸಲಿ. ಹೊಸ ಮನೆಯವರು ಮೊದಲ ಕೆಲವು ವಾರ ಹೊರಬಾಗಿಲನ್ನು ಭದ್ರವಾಗಿಟ್ಟು, ಅನ್ನದ ತಟ್ಟೆಯನ್ನಿಟ್ಟು, ಕರೆಯದೆ, ಮುಟ್ಟದೆ, ಸ್ವಲ್ಪ ದೂರದಲ್ಲಿ ಬೇರೆಡೆಗೆ ಮುಖ ಮಾಡಿ ಕುಳಿತಿರಲಿ.